ರಘುಗೊಂದು ಪತ್ರ: ತಲೆ ಮೇಲಿನ ಖಾಲಿ ಜಾಗ

ಪ್ರೀತಿಯ ರಘು,

ಮೊನ್ನೆ ಫೋನಿನಲ್ಲಿ "ಡೈರೆಕ್ಟರ್ ಕೀಸ್ಲೋವ್ಸ್ಕಿ ಹೋದಮೇಲೆ ಪೋಲೆಂಡಿನ ಸಿನಿಮಾ ಮುಗೀತು ಕಣೋ" ಅಂದೆಯಲ್ಲ, ಆಗ ನಾನು ಸುಮ್ಮನಿದ್ದೆ. ಮಾತಿನಲ್ಲಿ ನಿನ್ನನ್ನು ಗೆದ್ದವರು ಯಾರಿದ್ದಾರೆ? ಅದಕ್ಕೇ ಈ ಪತ್ರ.

ಕೀಸ್ಲೋವ್ಸ್ಕಿ ತೀರಿಕೊಂಡಿದ್ದು 1996ರಲ್ಲಿ. ಆಗ ಅಲ್ಲಿ ಸಿನಿಮಾಕ್ಕೆ ಕಷ್ಟಕಾಲ ಅನ್ನೋದು ನಿಜ. ಕಮ್ಯುನಿಸ್ಟ್ ಸರ್ಕಾರದ ಜೊತೆಗೆ ಅದು ಕೊಡುತ್ತಿದ್ದ ದುಡ್ಡೂ ಹೋಗಿತ್ತು. 2005ರಲ್ಲಿ ಒಂದು ಕಾನೂನು ಬಂತು. ಟಿವಿ, ಕೇಬಲ್, ಥಿಯೇಟರ್‌ನವರು ತಮ್ಮ ಆದಾಯದ ಶೇ. 1.5ರಷ್ಟನ್ನು ಪೋಲಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್‌ಗೆ ಕಟ್ಟಬೇಕು, ಅದರಿಂದ ಹೊಸ ಚಿತ್ರಗಳಿಗೆ ನೆರವು. ಕಲೆಯ ಮಾತಿನ ನಡುವೆ ಲೆಕ್ಕ ತೆಗೆದರೆ ನಿನಗೆ ಸಿಟ್ಟು ಬರುತ್ತೆ, ಗೊತ್ತು. ಆದರೆ ಈ ಎರಡನೇ ಇನ್ನಿಂಗ್ಸ್ ಶುರುವಾಗಿದ್ದೇ ಅಲ್ಲಿಂದ ಅಂತ ನನಗನ್ನಿಸುತ್ತದೆ.

ನೀನು ಮೊದಲು 'ಇಡಾ' ನೋಡು. ಪಾವೆಲ್ ಪಾವ್ಲಿಕೋವ್ಸ್ಕಿಯ 2013ರ ಚಿತ್ರ, ಕಪ್ಪು ಬಿಳುಪು, ಒಂದೂವರೆ ಗಂಟೆಯೂ ಇಲ್ಲ. ಕ್ರೈಸ್ತ ಮಠದಲ್ಲಿ ಬೆಳೆದ ಅನಾಥ ಹುಡುಗಿ, ಇನ್ನೇನು ಸನ್ಯಾಸ ತೆಗೆದುಕೊಳ್ಳಬೇಕು. ಅಷ್ಟರಲ್ಲಿ ಚಿಕ್ಕಮ್ಮ ಸಿಗುತ್ತಾಳೆ. ಸಿಗರೇಟು, ಕುಡಿತ, ಒಂದು ಕಾಲಕ್ಕೆ ಜನರನ್ನು ಗಲ್ಲಿಗೆ ಕಳಿಸಿದ ಹೆಂಗಸು. "ನೀನು ಯಹೂದಿ" ಅಂತಾಳೆ. ಇಬ್ಬರೂ ಕಾರು ಹತ್ತಿ ಹುಡುಗಿಯ ಅಪ್ಪ ಅಮ್ಮನ ಸಮಾಧಿ ಹುಡುಕಿ ಹೊರಡುತ್ತಾರೆ.

ಮುಖಗಳೆಲ್ಲ ಫ್ರೇಮಿನ ತಳದಲ್ಲಿ, ಮೇಲೆಲ್ಲ ಖಾಲಿ ಗೋಡೆ, ಖಾಲಿ ಆಕಾಶ. ಮೊದಲು ಪ್ರೊಜೆಕ್ಟರ್ ಕೆಟ್ಟಿದೆಯೇನೋ ಅಂದುಕೊಂಡೆ! ಅರ್ಧ ಗಂಟೆ ಕಳೆಯುವಷ್ಟರಲ್ಲಿ ಆ ಖಾಲಿ ಜಾಗದ ಭಾರ ನನ್ನ ತಲೆ ಮೇಲೇ ಕೂತಿತ್ತು. ಇಡಾ ಪಾತ್ರದ ಹುಡುಗಿ ನಟಿಯೇ ಅಲ್ಲ, ವಾರ್ಸಾದ ಒಂದು ಕೆಫೆಯಲ್ಲಿ ಕಣ್ಣಿಗೆ ಬಿದ್ದವಳಂತೆ. ಪೋಲೆಂಡಿನ ದೊಡ್ಡ ನಿರ್ದೇಶಕ ವಾಯ್ದಾನ ಚಿತ್ರಗಳೇ ಆಸ್ಕರ್‌ಗೆ ನಾಲ್ಕು ಸಲ ನಾಮನಿರ್ದೇಶನವಾಗಿ ಬರಿಗೈಲಿ ಬಂದಿದ್ದವು. ವಿದೇಶಿ ಭಾಷಾ ಚಿತ್ರದ ಆಸ್ಕರ್ ಪೋಲೆಂಡಿಗೆ ಮೊದಲ ಸಲ ಸಿಕ್ಕಿದ್ದು 2015ರಲ್ಲಿ, ಇದೇ ಚಿತ್ರಕ್ಕೆ.

ಪಾವ್ಲಿಕೋವ್ಸ್ಕಿಯದೇ 'ಕೋಲ್ಡ್ ವಾರ್' ಆಮೇಲೆ ನೋಡಿದರಾಯಿತು. ಹಳಬರೂ ಸುಮ್ಮನೆ ಕೂತಿಲ್ಲ. 84 ವರ್ಷದ ನಿರ್ದೇಶಕ ಸ್ಕೊಲಿಮೊವ್ಸ್ಕಿ ಕತ್ತೆಯೊಂದನ್ನೇ ನಾಯಕನಾಗಿಸಿ 'ಇಓ' ಮಾಡಿದ. 2022ರ ಕಾನ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಹಿಡಿದು, ನಟಿಸಿದ ಆರೂ ಕತ್ತೆಗಳ ಹೆಸರು ಹೇಳಿ ಥ್ಯಾಂಕ್ಸ್ ಅಂದ. ನಿರ್ದೇಶಕಿ ಆಗ್ನಿಯೆಷ್ಕಾ ಹಾಲಂಡ್ ಅಮ್ಮನ 'ಗ್ರೀನ್ ಬಾರ್ಡರ್' ಬೆಲರೂಸ್ ಗಡಿಯಲ್ಲಿ ಒದ್ದಾಡುವ ನಿರಾಶ್ರಿತರ ಕಥೆ. ಅದಕ್ಕೆ ಪೋಲೆಂಡಿನ ಮಂತ್ರಿಗಳೇ ಬೈದರು. ಮುಗಿದುಹೋದ ಸಿನಿಮಾಕ್ಕೆ ಯಾರಾದರೂ ಹಾಗೆ ಹೆದರುತ್ತಾರೇನೋ?

'ಇಡಾ' ನೋಡುವಾಗ ಮೊಬೈಲ್ ಪಕ್ಕಕ್ಕಿಡು. ಚಿಕ್ಕಮ್ಮ ರೆಕಾರ್ಡ್ ಹಾಕಿ ಕಿಟಕಿ ತೆರೆಯುತ್ತಾಳಲ್ಲ, ಆ ದೃಶ್ಯ ಮುಗಿದ ಮೇಲೆ ಫೋನ್ ಮಾಡು. ಎಷ್ಟು ಹೊತ್ತಾಗಿದ್ದರೂ ಸರಿ.

ನಿನ್ನ,
ಸುರೇಶ