ಈ ಸಂಕ್ರಾಂತಿಯಿಂದ ನಮ್ಮಲ್ಲಿ ಸಿನಿಮಾ ಕಾಪಿ ಡ್ರೆಸ್ ಸಿಗಲ್ಲ, ಯಾಕೆ ಅಂತ ಹೇಳ್ತೀವಿ

ನಾಟಕ ಮಂಡಳಿಯೋರಿಗೆ, ಹಾರ್ಮೋನಿಯಂ ಮೇಷ್ಟ್ರುಗಳಿಗೆ, ಆನ್ಯುಯಲ್ ಡೇಗೆ ಅಂತ ನಮ್ಮ ಹತ್ರ ಡ್ರೆಸ್ ತಗೊಂಡೋಗೋ ಸ್ಕೂಲ್ ಟೀಚರ್‌ಗಳಿಗೆ, ಎಲ್ಲರಿಗೂ ನಮಸ್ಕಾರ.

ವಿಷಯ ಮೊದ್ಲೇ ಹೇಳ್ಬಿಡ್ತೀವಿ. ಬರೋ ಸಂಕ್ರಾಂತಿಯಿಂದ ಯಾವ್ದೇ ಸಿನಿಮಾ ಡ್ರೆಸ್ಸಾಗ್ಲಿ ಸೀರಿಯಲ್ ಡ್ರೆಸ್ಸಾಗ್ಲಿ, ಫೋಟೋ ನೋಡ್ಕೊಂಡು ಹಂಗಂಗೇ ಮಾಡ್ಕೊಡೋ ಆರ್ಡರ್ ನಾವು ತಗೊಳ್ಳಲ್ಲ. ಅಂಗಡೀಲಿ ಈಗಿರೋ ಕಾಪಿ ಸೆಟ್ಟುಗಳನ್ನೂ ಬಾಡಿಗೆಗೆ ಕೊಡೋದು ನಿಲ್ಲಿಸ್ತಿದೀವಿ. ಈಗಾಗ್ಲೇ ಅಡ್ವಾನ್ಸ್ ಕೊಟ್ಟಿರೋ ಮಂಡಳಿಗಳಿಗೆ ಒಪ್ಕೊಂಡಿದ್ದನ್ನ ಒಪ್ಕೊಂಡಂಗೇ ಕೊಡ್ತೀವಿ, ಬೇಡ ನಮ್ಮ ಹಳೇ ಥರದ್ದೇ ಕೊಡಿ ಅಂದ್ರೆ ಅದೇ ಬಾಡಿಗೇಲಿ ಬದಲಾಯಿಸ್ಕೊಡ್ತೀವಿ, ಅದೂ ಬೇಡ ಅಂದ್ರೆ ಅಡ್ವಾನ್ಸ್ ಪೂರ್ತಿ ವಾಪಸ್.

ಇದು ಶುರುವಾಗಿದ್ದು ಹೆಂಗೆ ಅಂತ ನಿಮಗೂ ಗೊತ್ತು. 2019ರಲ್ಲಿ ಕುರುಕ್ಷೇತ್ರ ಸಿನಿಮಾ ಬಂತು, ಮುಂದಿನ ವರ್ಷ ಲಾಕ್‌ಡೌನ್‌ನಲ್ಲಿ ಹಿಂದಿ ಮಹಾಭಾರತ ಸೀರಿಯಲ್ ಕನ್ನಡಕ್ಕೆ ಡಬ್ ಆಗಿ ಮನೆಮನೇಲೂ ಓಡ್ತು, ಅಲ್ಲಿಂದಾಚೆಗೆ ನಮ್ಮ ಅಂಗಡಿ ಮೆಟ್ಲು ಹತ್ತಿದ ಹುಡುಗ್ರು ಮೊದ್ಲು ಮಾಡ್ತಿದ್ದ ಕೆಲಸ ಅಂದ್ರೆ ಮೊಬೈಲ್ ತೆಗೆದು ಫೋಟೋ ತೋರಿಸೋದು. ಅಣ್ಣಾ, ಇದೇ ಬೇಕು, ಡಿಟ್ಟೋ. ನಾವೂ ಆಸೆಗೆ ಬಿದ್ದು ಫೈಬರ್ ಎದೆಕವಚ ಮಾಡಿಸಿದ್ವಿ, ರೆಕ್ಸಿನ್‌ನಲ್ಲಿ ಚರ್ಮದ ಥರ ಸೊಂಟಪಟ್ಟಿ ಹೊಲಿಸಿದ್ವಿ, ತಾಮ್ರದ ಬಣ್ಣ ಹೊಡೆಸಿದ್ವಿ. ಸೀಸನ್ ಚೆನ್ನಾಗೇ ಆಯ್ತು. ಆದ್ರೆ ಸೀನರಿ ಜೊತೆ ನಾವೂ ಊರೂರಿಗೆ ಬರ್ತೀವಲ್ಲ, ರಾತ್ರಿ ಒಂಬತ್ತಕ್ಕೆ ಪರದೆ ಎದ್ರೆ ಬೆಳಗಿನ ಜಾವದ ತನಕ ಸೈಡ್‌ವಿಂಗ್‌ನಲ್ಲಿ ಪಿನ್ನು ದಾರ ಹಿಡ್ಕೊಂಡು ನಿಂತಿರ್ತೀವಲ್ಲ, ಅಲ್ಲಿ ಕಂಡಿದ್ದು ಬೇರೆ.

ಕಳೆದ ಶಿವರಾತ್ರಿ ಟೈಮಲ್ಲಿ ನಮ್ಮ ತುಮಕೂರು ಕಡೆ ಒಂದೂರಲ್ಲಿ ದುರ್ಯೋಧನನ ಪಾರ್ಟು ಮಾಡಿದ ಅಣ್ಣ ಒಳ್ಳೇ ಹಾಡುಗಾರ, ಇಪ್ಪತ್ತು ವರ್ಷದಿಂದ ನಮ್ಮ ಕಿರೀಟ ಇಟ್ಕೊಂಡೋರು. ಈ ಸಲ ಮಗನ ಒತ್ತಾಯಕ್ಕೆ ಸಿನಿಮಾ ಕವಚ ತಗೊಂಡ್ರು. ದರ್ಬಾರ್ ಸೀನಲ್ಲಿ ವೃತ್ತ, ಅಂದ್ರೆ ರಾಗ ಎಳೆದು ಹಾಡೋ ಪದ್ಯ, ಎತ್ತಿದ್ರು, ಎರಡನೇ ಸಾಲಿಗೆ ಉಸಿರು ಎಳ್ಕೊಳ್ಳೋಕೆ ಹೋದ್ರೆ ಫೈಬರ್ ಹಿಗ್ಗಬೇಕಲ್ಲ, ಅದು ಹಿಗ್ಗಲ್ಲ, ದನಿ ಅಲ್ಲೇ ಕಟ್ ಆಯ್ತು. ಮೇಷ್ಟ್ರು ಮುಖ ನೋಡಿ ಶ್ರುತಿ ಇಳಿಸಿದ್ರು. ಸೀನ್ ಮುಗಿದು ಒಳಗೆ ಬಂದಾಗ ಬೆಲ್ಟ್ ಬಿಚ್ಚಿ ನೋಡಿದ್ರೆ ಕಂಕುಳ ಕೆಳಗೆ ಗೇಣುದ್ದ ಕೆಂಪಗೆ ಬರೆ ಎದ್ದಿತ್ತು. ಅವರು ಒಂದು ಮಾತೂ ಬೈಲಿಲ್ಲ, ಟವೆಲ್ ಕೇಳಿದ್ರು ಅಷ್ಟೆ. ಆವತ್ತು ರಾತ್ರಿ ನಮಗೆ ತುಂಬಾ ಸಂಕಟ ಆಯ್ತು. ಅದೇ ನಾಟಕದಲ್ಲಿ ಹಿಂದ್ಗಡೆ ಚಾಪೆ ಹಾಸ್ಕೊಂಡು ಕೂತಿದ್ದ ಒಬ್ಬ ಅಜ್ಜಿ ಪಕ್ಕದಲ್ಲಿದ್ದ ಮೊಮ್ಮಗನ್ನ ಕೇಳ್ತಿದ್ರು, ಅಲ್ಲಿ ನಿಂತಿರೋನು ದುರ್ಯೋಧನನೋ ಕಾವಲು ಭಟನೋ ಅಂತ. ಪ್ರತಿ ವರ್ಷ ಜಾತ್ರೇಲಿ ಕುರುಕ್ಷೇತ್ರ ನಾಟಕ ನೋಡೋ ಅಜ್ಜಿಗೆ ದುರ್ಯೋಧನ ಗುರುತು ಸಿಗಲಿಲ್ಲ ಅಂದ್ರೆ ತಪ್ಪು ಅಜ್ಜೀದಲ್ಲ, ನಮ್ಮ ಡ್ರೆಸ್ಸಿಂದು.

ಸಿನಿಮಾ ಡ್ರೆಸ್ ಕೆಟ್ಟದು ಅಂತ ನಾವು ಹೇಳ್ತಿಲ್ಲ. ಅದನ್ನ ಮಾಡಿರೋದು ಕ್ಯಾಮೆರಾಗೆ. ಕ್ಯಾಮೆರಾ ಮುಖದ ಹತ್ರಕ್ಕೆ ಹೋಗುತ್ತೆ, ಕಂದು ಬಣ್ಣದಲ್ಲಿ ಸಣ್ಣ ಕೆತ್ತನೆ ಇದ್ರೂ ಕಾಣುತ್ತೆ, ಹೀರೋ ಕವಚ ಹಾಕ್ಕೊಂಡು ಹಾಡಬೇಕಾಗಿಲ್ಲ, ಒಂದೊಂದು ಶಾಟ್ ಆದ್ಮೇಲೆ ಬಿಚ್ಚಿ ಗಾಳಿ ಬೀಸ್ಕೋಬಹುದು, ಅಳತೇನೂ ಅವರೊಬ್ಬರ ಮೈಗೆ ತಗೊಂಡಿರ್ತಾರೆ. ನಮ್ಮ ಡ್ರೆಸ್ ಒಂದು ಸೀಸನ್‌ನಲ್ಲಿ ಹತ್ತಾರು ಜನರ ಮೈ ಏರುತ್ತೆ, ಅದಕ್ಕೇ ಹಿಂದುಗಡೆ ಲಾಡಿ ಇರೋದು. ಮರೂನ್ ಮಖಮಲ್ ಬಟ್ಟೆ ಮೇಲೆ ಚಮ್ಕಿ, ಗಾಜಿನ ಮಣಿ, ಕನ್ನಡಿ ಚೂರು ಹಾಕಿ ಹೊಲಿಯೋದು ಯಾಕೆ ಅಂದ್ರೆ ಹಿಂದೆ ಗ್ಯಾಸ್‌ಲೈಟ್ ಬೆಳಕು, ಈಗ ಫೋಕಸ್ ಲೈಟು, ಯಾವ್ದೇ ಆಗ್ಲಿ ಪಾತ್ರಧಾರಿ ಒಂದು ಸಲ ಭುಜ ಕುಣಿಸಿದ್ರೆ ಮೈದಾನದ ಕೊನೇಲಿ ಕಡ್ಲೆಕಾಯಿ ಮಾರೋನಿಗೂ ಮಿಂಚಬೇಕು. ಭುಜಕೀರ್ತಿ ನೋಡೋಕೆ ಭಾರ ಅನ್ಸುತ್ತೆ, ಕೈಗೆ ತಗೊಂಡು ನೋಡಿ, ಒಳಗೆ ಬೆಂಡು, ಮೇಲೆ ರಟ್ಟು, ಅದರ ಮೇಲೆ ಬೇಗಡೆ ಅನ್ನೋ ಹೊಳೆಯೋ ತೆಳು ಹಾಳೆ. ಬೆಳತನಕ ಹೊತ್ರೂ ಕುತ್ತಿಗೆ ನೋಯಲ್ಲ. ಇದನ್ನ ಕಂಡುಹಿಡಿದೋರು ನಮಗಿಂತ ಎಷ್ಟೋ ಹಿಂದಿನೋರು, ರಾತ್ರಿಯೆಲ್ಲಾ ಹಾಡೋ ಮನುಷ್ಯನ ಕಷ್ಟ ಅವರಿಗೆ ಗೊತ್ತಿತ್ತು.

ಇನ್ನೊಂದು ಮಾತು. ಕನ್ನಡ ಸಿನಿಮಾ ಶುರುವಾಗಿದ್ದೇ ನಾಟಕದಿಂದ. ಕನ್ನಡದ ಮೊದಲ ಮಾತಿನ ಸಿನಿಮಾ, 1934ರ ಸತಿ ಸುಲೋಚನದಲ್ಲಿ ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾಯರು, ಎಲ್ಲಾ ರಂಗಭೂಮಿಯೋರೇ. ಬೇಡರ ಕಣ್ಣಪ್ಪನೂ ಮೊದ್ಲು ನಾಟಕ, 1954ರಲ್ಲಿ ಸಿನಿಮಾ ಆಗಿ ರಾಜಣ್ಣ ಹೀರೋ ಆದ್ರು. ಕೊಟ್ಟ ಮನೆಯೋರು ನಾವು, ಈಗ ನಮ್ಮದನ್ನ ಪೆಟ್ಟಿಗೇಲಿಟ್ಟು ಅವರದ್ದನ್ನ ಅರ್ಧಂಬರ್ಧ ಕಾಪಿ ಮಾಡ್ಕೊಂಡು ನಿಂತ್ಕೊಳ್ಳೋದು ನಮಗೆ ಸರಿ ಕಾಣ್ತಿಲ್ಲ. ಮೇಲಾಗಿ ಆ ಡಿಸೈನ್ ಯಾರೋ ಒಬ್ಬ ಕಲಾವಿದ ಕೂತು ಬರೆದಿರೋದು, ಅವರನ್ನ ಒಂದು ಮಾತು ಕೇಳದೆ ನಾವು ಅಚ್ಚು ತೆಗೆದು ಬಾಡಿಗೆ ದುಡ್ಡು ಎಣಿಸಿದ್ವಿ. ಅದು ತಪ್ಪೇ, ಒಪ್ಕೋತೀವಿ.

ಸ್ಕೂಲಿನೋರಿಗೆ ಒಂಚೂರು ಬೇರೆ ಹೇಳ್ಬೇಕು. ಬೆಂಗಳೂರಿಂದ ಬರೋ ಟೀಚರ್‌ಗಳು ಜಾಸ್ತಿ ಕೇಳೋದು ಇಂಗ್ಲಿಷ್ ಮ್ಯೂಸಿಕಲ್ ವಿಜರ್ಡ್ ಆಫ್ ಆಜ್‌ಗೆ ಡ್ರೆಸ್ಸು, ಅದ್ರಲ್ಲೂ ಕಥೆಯ ನಾಯಕಿ ಹುಡುಗಿ ಡೊರೊತಿಯ ಮಿಣಮಿಣ ಕೆಂಪು ಶೂ. ಆ ಕೆಂಪು ಶೂ ಕಥೇಲಿ ಇಲ್ಲವೇ ಇಲ್ಲ ಮೇಡಂ. 1900ರಲ್ಲಿ ಎಲ್. ಫ್ರಾಂಕ್ ಬಾಮ್ ಬರೆದ ಪುಸ್ತಕದಲ್ಲಿ ಇರೋದು ಬೆಳ್ಳಿ ಶೂ. 1902ರಲ್ಲೇ ಷಿಕಾಗೋದಲ್ಲಿ ಅದು ಹಾಡಿನ ನಾಟಕ ಆಗಿ ರಂಗಕ್ಕೆ ಬಂದಿತ್ತು. 1939ರ ಸಿನಿಮಾನ ಟೆಕ್ನಿಕಲರ್ ಅನ್ನೋ ಕಲರ್ ವಿಧಾನದಲ್ಲಿ ತೆಗೆದಿದ್ರಿಂದ ಕಥೇಲಿ ಬರೋ ಹಳದಿ ಇಟ್ಟಿಗೆ ದಾರಿ ಮೇಲೆ ಎದ್ದು ಕಾಣ್ಲಿ ಅಂತ ಶೂ ಕೆಂಪಾಯ್ತು. ಅಂದ್ರೆ ಅದೂ ಕ್ಯಾಮೆರಾಗೆ ಅಂತ ಮಾಡಿದ್ದು, ಆ ಕೆಂಪು ಶೂ ಐಡಿಯಾ ಸಿನಿಮಾದೋರದ್ದು. ಹಂಗಾಗಿ ಇನ್ಮೇಲೆ ನಮ್ಮ ಡೊರೊತಿಗೆ ಬೆಳ್ಳಿ ಬಣ್ಣದ ಶೂ. ನಮ್ಮ ಟೈಲರ್ ಅಕ್ಕ ಒಂದು ಜೊತೆಗೆ ಮಾದರಿ ಅಂತ ಬೇಗಡೆ ಚೂರು, ಬಿಳಿ ಚಮ್ಕಿ ಅಂಟಿಸಿಟ್ಟಿದಾರೆ, ನೀಲಿ ಲೈಟ್ ಬಿದ್ರೆ ನೀಲಿ, ಕೆಂಪು ಬಿದ್ರೆ ಕೆಂಪು ಹೊಡೆಯುತ್ತೆ, ಮಕ್ಕಳು ಕಣ್ಣು ಕೀಳಲ್ಲ.

ಹುಡುಗ್ರಿಗೆ ಬೇಜಾರಾಗುತ್ತೆ ಅಂತ ನಮಗೆ ಗೊತ್ತು. ಫ್ಲೆಕ್ಸ್‌ನಲ್ಲಿ, ವಾಟ್ಸಾಪ್ ಸ್ಟೇಟಸ್‌ನಲ್ಲಿ ಆ ಕವಚ ಹಾಕ್ಕೊಂಡ ಫೋಟೋ ಚೆನ್ನಾಗಿ ಬರುತ್ತೆ, ನಿಜ. ಫೋಟೋ ತರಬೇಡಿ ಅಂತ ಹೇಳ್ತಿಲ್ಲ, ತನ್ನಿ, ತಂದು ಅದ್ರಲ್ಲಿ ಏನು ಇಷ್ಟ ಆಯ್ತು ಅಂತ ಹೇಳಿ. ಮೊನ್ನೆ ಒಬ್ಬ ಹುಡುಗ ಕರ್ಣನ ಪಾರ್ಟಿಗೆ ಬಂದಿದ್ದ, ಕೇಳ್ತಾ ಕೇಳ್ತಾ ಗೊತ್ತಾಗಿದ್ದು ಅವನಿಗೆ ಬೇಕಿದ್ದಿದ್ದು ಎದೆ ಮೇಲಿನ ಸೂರ್ಯ ಅಷ್ಟೆ. ಕೆನೆ ಬಣ್ಣದ ಮಖಮಲ್‌ಗೆ ಜರಿ ದಾರದಲ್ಲಿ ನಮ್ಮದೇ ಒಂದು ಸೂರ್ಯ ಬರೆದು ಹೊಲಿತಿದೀವಿ, ಕಿರಣದ ತುದೀಲಿ ಒಂದೊಂದು ಕನ್ನಡಿ ಚೂರು. ಬಾಡಿಗೆ ಹೋದ ವರ್ಷದ್ದೇ, ಜಾಸ್ತಿ ಮಾಡಿಲ್ಲ.

ಒಂದೇ ಒಂದು ಹೊಸ ರೂಲ್ ಇದೆ. ಮುಖ್ಯ ಪಾತ್ರದೋರು ನಾಟಕಕ್ಕೆ ಹದಿನೈದು ದಿನ ಮುಂಚೆ ಅಂಗಡಿಗೆ ಬರಬೇಕು, ಸಾಧ್ಯವಾದ್ರೆ ಮೇಷ್ಟ್ರನ್ನೂ ಕರ್ಕೊಂಡು ಬನ್ನಿ. ಡ್ರೆಸ್ ಹಾಕ್ಕೊಂಡು ಕನ್ನಡಿ ಮುಂದೆ ನಿಂತ್ರೆ ಸಾಲದು, ಗಟ್ಟಿಯಾಗಿ ಒಂದು ವೃತ್ತ ಹಾಡಿ ನೋಡಬೇಕು, ಎಲ್ಲಿ ಬಿಗಿಯುತ್ತೋ ಅಲ್ಲೇ ಬಿಚ್ಚಿ ಸಡಿಲ ಮಾಡ್ಕೊಡ್ತೀವಿ. ಹಾರ್ಮೋನಿಯಂ ಅಂಗಡೀಲೇ ಇದೆ, ಹೊತ್ಕೊಂಡು ಬರೋದು ಬೇಡ. ಭಾನುವಾರನೂ ಬಾಗಿಲು ತೆಗ್ದಿರ್ತೀವಿ.

ಇಂತಿ,
ನಿಮ್ಮ ಡ್ರೆಸ್ ಅಂಗಡಿಯೋರು