ಮೆಲ್ಬರ್ನ್‌ನಲ್ಲಿರುವ ಮಗಳಿಗೆ

ಪ್ರೀತಿಯ ಪುಟ್ಟಿ,

ಟೀಮ್ ಲೀಡರ್ ಕೆಲಸಕ್ಕೆ ಹಾಕಿದ ಅರ್ಜಿ ವಾಪಸ್ ತೆಗೆದುಕೊಳ್ಳುತ್ತೇನೆ ಅಂದೆಯಲ್ಲ, ಆಮೇಲೆ ನನಗೆ ನಿದ್ದೆ ಬರಲಿಲ್ಲ. ಫೋನಿನಲ್ಲಿ ಜೋರು ಮಾಡಿದೆ. ಬೇಜಾರು ಮಾಡಿಕೊಳ್ಳಬೇಡ ಕಂದಾ.

ಆಫೀಸಿನವರು ನಿನ್ನನ್ನು 'ಟಾಲ್ ಪಾಪ್ಪಿ' ಅಂದರು, ನಗುತ್ತಲೇ ಅಂದರು ಅಂದೆ. ಎತ್ತರ ಬೆಳೆದ ಗಸಗಸೆ ಗಿಡ, ಅಂದರೆ ಎಲ್ಲರಿಗಿಂತ ಮೇಲೆ ಬಂದು ಉಳಿದವರ ಕಣ್ಣು ಕುಕ್ಕುವವಳು ಅಂತ. ಆ ಮಾತಿನ ಮೂಲ ನಗುವಂಥದ್ದಲ್ಲ. ರೋಮಿನ ಕೊನೆಯ ರಾಜ ಟಾರ್ಕ್ವಿನ್‌ಗೆ ಪಕ್ಕದ ಗೇಬಿ ಊರನ್ನು ಯುದ್ಧದಲ್ಲಿ ಗೆಲ್ಲಲು ಆಗಲಿಲ್ಲ. ಅವನ ಮಗ ಸೆಕ್ಸ್‌ಟಸ್, ಅಪ್ಪನ ಕಾಟ ತಾಳಲಾರದೆ ಓಡಿಬಂದೆ ಅಂತ ಸುಳ್ಳು ಹೇಳಿ ಆ ಊರು ಸೇರಿದ. ಜನ ನಂಬಿದರು. ಮುಂದೇನು ಮಾಡಲಿ ಅಂತ ಅಪ್ಪನ ಹತ್ತಿರ ಆಳು ಕಳಿಸಿದ. ರಾಜ ಬಾಯಿ ಬಿಡಲಿಲ್ಲ. ತೋಟದಲ್ಲಿ ಓಡಾಡುತ್ತ, ಎಲ್ಲಕ್ಕಿಂತ ಎತ್ತರ ಬೆಳೆದ ಗಸಗಸೆ ಗಿಡಗಳ ತಲೆಯನ್ನು ಕೋಲಿನಿಂದ ಹೊಡೆದು ಉರುಳಿಸಿದ. ಕಾದು ಸಾಕಾದ ಆಳು ಕಂಡದ್ದನ್ನು ಹೋಗಿ ಹೇಳಿದ. ಮಗನಿಗೆ ಅರ್ಥವಾಯಿತು. ಊರಿನ ದೊಡ್ಡವರಲ್ಲಿ ಕೆಲವರನ್ನು ಕೊಲ್ಲಿಸಿದ, ಕೆಲವರನ್ನು ಓಡಿಸಿದ. ಗೇಬಿ ಕಾದಾಟವೇ ಇಲ್ಲದೆ ರೋಮಿನ ಕೈಸೇರಿತು. ಇದನ್ನು ಬರೆದವನು ರೋಮಿನ ಇತಿಹಾಸಕಾರ ಲಿವಿ.

ಅವನಿಗಿಂತ ಹಿಂದಿನ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ತನ್ನ ಗ್ರೀಕರ ನಾಡಿನದೇ ಇಂಥ ಕಥೆ ಹೇಳಿದ್ದಾನೆ. ಅಲ್ಲಿರುವುದು ಪೈರಿನ ತೆನೆ. ಮಿಲೆಟಸ್‌ನ ದೊರೆ ಥ್ರಾಸಿಬ್ಯುಲಸ್ ಹೊಲದಲ್ಲಿ ನಡೆಯುತ್ತ ಎತ್ತರದ ತೆನೆಗಳನ್ನೆಲ್ಲ ಕತ್ತರಿಸಿ ಎಸೆದ. ಕೊರಿಂತ್‌ನಿಂದ ಬಂದಿದ್ದ ದೂತನಿಗೆ ಇವನು ತನ್ನ ಬೆಳೆ ತಾನೇ ಹಾಳು ಮಾಡಿಕೊಳ್ಳುವ ಹುಚ್ಚ ಅನ್ನಿಸಿತು. ನನಗೆ ಆ ದೂತನ ಮಾತೇ ಸರಿ ಅನ್ನಿಸುತ್ತದೆ.

ಆಸ್ಟ್ರೇಲಿಯಾದಲ್ಲಿ ಈ ಮಾತಿಗೆ ಒಳ್ಳೆಯ ಮುಖವೂ ಇದೆ, ಇಲ್ಲ ಅನ್ನುವುದಿಲ್ಲ. 1931ರಲ್ಲಿ, ಜನ ಕೆಲಸವಿಲ್ಲದೆ ಒದ್ದಾಡುತ್ತಿದ್ದ ಕಾಲದಲ್ಲಿ, ನ್ಯೂ ಸೌತ್ ವೇಲ್ಸ್ ರಾಜ್ಯದ ಪ್ರೀಮಿಯರ್, ಅಂದರೆ ನಮ್ಮ ಮುಖ್ಯಮಂತ್ರಿ ಇದ್ದಂತೆ, ಜಾಕ್ ಲ್ಯಾಂಗ್ ದೊಡ್ಡ ಸಂಬಳದವರ ವಿಷಯದಲ್ಲಿ ಇದನ್ನು ಬಳಸಿದ್ದರು. ಯಾರೂ ಯಾರಿಗಿಂತ ಮೇಲಲ್ಲ ಅನ್ನುವುದು ಚೆನ್ನಾಗಿಯೇ ಇದೆ. ಆದರೆ ನೀನು ಯಾರ ಅನ್ನ ಕಿತ್ತುಕೊಂಡಿದ್ದೀಯಾ? ರಾತ್ರಿ ಕೂತು ಕೆಲಸ ಕಲಿತೆ, ಅಷ್ಟೇ ಅಲ್ವಾ?

ನನ್ನ ಹೆದರಿಕೆ ಆಫೀಸಿನವರದ್ದಲ್ಲ, ನಿನ್ನದೇ. ಏಳನೇ ಕ್ಲಾಸಿನ ಆ ಗಣಿತದ ಉತ್ತರ ಪತ್ರಿಕೆ ಕಣ್ಣ ಮುಂದಿಂದ ಹೋಗುತ್ತಿಲ್ಲ. ಕೊನೆಯ ಹಾಳೆ ಖಾಲಿ. ಲೆಕ್ಕ ಬರುತ್ತಿರಲಿಲ್ಲವೇ? ಬರುತ್ತಿತ್ತು. ಹಿಂದಿನ ರಾತ್ರಿ ಅದೇ ಲೆಕ್ಕವನ್ನು ನನಗೇ ಹೇಳಿಕೊಟ್ಟಿದ್ದೆ. ಯಾವಾಗಲೂ ನೀನೇ ಫಸ್ಟ್ ಅಂತ ಗೆಳತಿಯರು ಮಧ್ಯಾಹ್ನ ಡಬ್ಬಿ ತೆರೆಯುವಾಗ ನಿನ್ನನ್ನು ಬಿಟ್ಟು ಕೂರುತ್ತಿದ್ದರು. ಸೆಕೆಂಡ್ ಬಂದೆ. ಮಾರನೇ ದಿನ ಅವರ ಜೊತೆ ಕೂತು ಉಂಡು ಬಂದು, ಎಷ್ಟು ಖುಷಿಯಲ್ಲಿದ್ದೆ! ಆ ಖುಷಿ ನೋಡಿ ನಾನು ಏನೂ ಕೇಳಲಿಲ್ಲ. ಪೆನ್ನು ಹಿಡಿದು ಆ ಹಾಳೆ ನೋಡುತ್ತ ಕೂತಾಗ ನಿನ್ನ ಮನಸ್ಸಿನಲ್ಲಿ ಏನಿತ್ತೋ. ಎಷ್ಟು ಹೊತ್ತು ಹಾಗೆ ಕೂತಿದ್ದೆಯೋ. ಈಗ ಅರ್ಜಿ ವಾಪಸ್ ಅಂದಾಗ ಅದೇ ಹಾಳೆ ಕಂಡಂತಾಯಿತು.

ಜಂಬ ಬೇಡ. ಹೊಸಬರಿಗೆ ಕೆಲಸ ಕಲಿಸು, ತಪ್ಪಾದರೆ ಅವರ ಜೊತೆ ನಿಲ್ಲು. ಹೊತ್ತಿಗೆ ಸರಿಯಾಗಿ ಊಟ ಮಾಡು, ಬ್ರೆಡ್ ತಿಂದು ಮಲಗಬೇಡ. ನೋಡು, ಮತ್ತೆ ಪಾಠ ಶುರುವಾಯಿತು. ನಿನ್ನ ಹೆಸರು ಮೇಲಿನವರೇ ಸೂಚಿಸಿದರು ಅಂತ ಅಪ್ಪ ಬೀದಿಯವರಿಗೆಲ್ಲ ಹೇಳಿಯಾಗಿದೆ, ನಾನೂ ತಡೆಯಲಿಲ್ಲ.

ಶುಕ್ರವಾರದವರೆಗೆ ಸಮಯವಿದೆ ಅಂದೆ. ಆ ಕೆಲಸ ನಿನಗೆ ಇಷ್ಟವಿಲ್ಲದಿದ್ದರೆ ಬಿಡು, ನಾನು ಒಂದು ಮಾತೂ ಆಡುವುದಿಲ್ಲ. ಊಟಕ್ಕೆ ಆಫೀಸಿನವರು ಕರೆಯುತ್ತಿಲ್ಲ ಅಂತ ಬಿಡಬೇಡ. ಏನೇ ಮಾಡಿದರೂ ಮೊದಲು ನನಗೆ ಫೋನ್ ಮಾಡು, ಈ ಸಲ ನೀನು ಮಾತಾಡು, ನಾನು ಕೇಳುತ್ತೇನೆ.

ನಿನ್ನ
ಅಮ್ಮ