ದುರ್ಗದಬೈಲಿನ ಆ ಹಿರಿಯರಿಗೆ

ಹುಬ್ಬಳ್ಳಿಯ ದುರ್ಗದಬೈಲಿನ ಸಮೀಪದ ಎಲೆಕ್ಟ್ರಾನಿಕ್ ಬಿಡಿಭಾಗಗಳ ಅಂಗಡಿಯಲ್ಲಿ ಕಳೆದ ತಿಂಗಳು ನನ್ನ ಪಕ್ಕದಲ್ಲಿ ನಿಂತಿದ್ದ ಹಿರಿಯರೇ, ತಮ್ಮ ಹೆಸರನ್ನು ಕೇಳದೆ ಬಂದದ್ದು ನನ್ನ ತಪ್ಪು. ಆದ್ದರಿಂದ ಈ ಕೃತಜ್ಞತೆಯನ್ನು ಹೀಗೆ ಬಹಿರಂಗವಾಗಿಯೇ ಸಲ್ಲಿಸುತ್ತಿದ್ದೇನೆ.

ಸೋದರಮಾವನ ಹಳೆಯ ವಾಲ್ವ್ (ಗಾಜಿನ ನಿರ್ವಾತ ಕೊಳವೆ) ಗಿಟಾರ್ ಆಂಪ್ಲಿಫೈಯರಿನ ಗುಂಯ್ ಎನ್ನುವ ಸದ್ದಿಗೆ ಮದ್ದೆಂದು ಇಎಲ್84 ಮಾದರಿಯ ಎರಡು ವಾಲ್ವುಗಳನ್ನು ಹುಡುಕುತ್ತಿದ್ದ ನನಗೆ, ಮೊದಲು ಪವರ್ ಸಪ್ಲೈನಲ್ಲಿ ವಿದ್ಯುತ್ತನ್ನು ಹಿಡಿದಿಟ್ಟು ಸಮಗೊಳಿಸುವ ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳನ್ನು ಪರೀಕ್ಷಿಸಬೇಕೆಂದು ತಾವು ಹೇಳಿದಿರಿ. ಮನೆಗೆ ಬರುವ 50 ಹರ್ಟ್ಸಿನ ಎಸಿ ವಿದ್ಯುತ್ತು, ಅದನ್ನು ಡಿಸಿಯಾಗಿಸುವ ರೆಕ್ಟಿಫೈಯರನ್ನು ದಾಟಿದ ಮೇಲೆ ಉಳಿಯುವ 100 ಹರ್ಟ್ಸಿನ ಏರಿಳಿತವನ್ನು ಒಣಗಿದ ಕೆಪಾಸಿಟರು ಅಡಗಿಸಲಾರದು, ಆ ಏರಿಳಿತವೇ ಗುಂಯ್ ಎನ್ನುತ್ತದೆ ಎಂಬುದನ್ನು ರಸೀದಿಯ ಬೆನ್ನಿಗೆ ಚಿತ್ರ ಬರೆದು ತೋರಿಸಿದಿರಿ. ಒಂದು ವಾಲ್ವಿನ ಪ್ಲೇಟು (ಒಳಗಿನ ಲೋಹದ ತಗಡು) ಕಾದು ಕೆಂಪಾಗುತ್ತಿದೆ ಎಂದಾಗ, ಒಂದು ಹಂತದಿಂದ ಮುಂದಿನದಕ್ಕೆ ಸಂಕೇತವನ್ನಷ್ಟೇ ದಾಟಿಸಬೇಕಾದ ಕಪ್ಲಿಂಗ್ ಕೆಪಾಸಿಟರು ಸೋರಿ, ಹಿಂದಿನ ಹಂತದ ಪಾಸಿಟಿವ್ ವೋಲ್ಟೇಜು ವಾಲ್ವಿನ ಕರೆಂಟನ್ನು ಹತೋಟಿಯಲ್ಲಿಡುವ ಗ್ರಿಡ್ಡಿಗೆ ನುಗ್ಗುತ್ತಿರಬಹುದೆಂದು ಊಹಿಸಿದಿರಿ. ಮೀಟರ್ ಇಟ್ಟು ನೋಡಿದರೆ ಆದದ್ದೂ ಅದೇ.

ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರುಗಳಲ್ಲಿ 300 ವೋಲ್ಟಿನಷ್ಟು ಉಳಿದಿರಬಹುದು, ರೆಸಿಸ್ಟರಿನ ಮೂಲಕ ಅದನ್ನು ಇಳಿಸಿ, ಇಳಿದದ್ದನ್ನು ಮೀಟರಿನಲ್ಲಿ ಖಚಿತಪಡಿಸಿಕೊಳ್ಳದೆ ಏನನ್ನೂ ಮುಟ್ಟಬಾರದು ಎಂದು ತಾವು ಮೂರು ಸಲ ಹೇಳಿದಾಗ, ನಿಜ ಹೇಳಬೇಕೆಂದರೆ, ಸ್ವಲ್ಪ ಬೇಸರವಾಗಿತ್ತು. “ತಮ್ಮಾ, ಒಂದ ಕೈ ಕಿಸೇದಾಗ ಇಟಗೊಂಡ ಅಳತಿ ಮಾಡು” ಎಂದಿರಿ. ಎರಡೂ ಕೈ ತಗುಲಿದರೆ ಕರೆಂಟಿನ ದಾರಿ ಎದೆಯ ಮೂಲಕವೇ ಹಾಯುತ್ತದೆ ಎಂಬುದು ಆಮೇಲೆ ಹೊಳೆಯಿತು.

ಕೆಪಾಸಿಟರುಗಳನ್ನು ಬದಲಿಸಿದ ಮೇಲೆ, ಒಳಗೆ ಶಾರ್ಟ್ ಇದ್ದರೆ ಕರೆಂಟನ್ನು ತಡೆಯಲೆಂದು, ತಾವು ಹೇಳಿದಂತೆ ಮೊದಲ ಸಲ ಸರಣಿಯಲ್ಲಿ 60 ವಾಟಿನ ಬುರುಡೆ ಬಲ್ಬು ಜೋಡಿಸಿಯೇ ಚಾಲೂ ಮಾಡಿದೆ. ಬಲ್ಬು ಒಮ್ಮೆ ಬೆಳಗಿ ಮಂಕಾಯಿತು, ಅಂದರೆ ಶಾರ್ಟ್ ಇರಲಿಲ್ಲ. ಗುಂಯ್‌ಗುಡುವುದು ನಿಂತಿದೆ. ಹಳೆಯ ವಾಲ್ವುಗಳೇ ಈಗಲೂ ದುಡಿಯುತ್ತಿವೆ, ರಸೀದಿ ನನ್ನ ಬಳಿಯೇ ಇದೆ.